ಹಾಲು ಬಿಟ್ಟ ಮರಿಗಳ ಅಕ್ಕ

ಅಕ್ಕನ ಬಲಗೈ ತೋರುಬೆರಳಿನ ತುದಿ ಯಾವಾಗಲೂ ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು, ಬಹಳ ಹೊತ್ತು ನೀರಿನಲ್ಲಿ ನೆನೆದ ಹಾಗೆ. ಹತ್ತಿರದಿಂದ ನೋಡಿದರೆ ಅದರ ಸುತ್ತ ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ಗುರುತುಗಳು. ಹಾಲು ಬಿಡಿಸಿದ ಹಂದಿಮರಿಗಳಿಗೆ ಉಣ್ಣುವುದನ್ನು ಕಲಿಸಿದ ಬೆರಳು ಅದು. ನುಚ್ಚಿನ ಗಂಜಿಯಲ್ಲಿ ಬೆರಳು ಅದ್ದಿ ಮರಿಯ ಬಾಯಿಗೆ ಕೊಡುತ್ತಿದ್ದಳು. ಮರಿ ಅದನ್ನು ತಾಯಿಯ ಮೊಲೆಯೆಂದೇ ತಿಳಿದು ಚೀಪುತ್ತಿರುವಾಗ ಬೆರಳನ್ನು ಮೆಲ್ಲಗೆ ತಟ್ಟೆಯೊಳಕ್ಕೆ ಇಳಿಸುತ್ತಿದ್ದಳು. ಮೂತಿ ಗಂಜಿಗೆ ತಾಗಿದೊಡನೆ ಮರಿ ಸೀನಿ, ತಲೆ ಕೊಡವಿ, ಮತ್ತೆ ಬೆರಳನ್ನೇ ಹುಡುಕುತ್ತಿತ್ತು. "ಕಚ್ಚಲೇ, ಕಚ್ಚು. ನಿನಗೂ ಒಂದು ಬಾಯಿ ಐತಿ ಅಂತ ಗೊತ್ತಾಗ್ಲಿ," ಎನ್ನುತ್ತಿದ್ದಳು.

ಅವಳು ನನ್ನ ಒಡಹುಟ್ಟಿದ ಅಕ್ಕನಲ್ಲ. ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಕರೂರಿನಿಂದ ಕುರುಗೋಡಿಗೆ ನಾನು ಸೊಸೆಯಾಗಿ ಬಂದಾಗ ಬಳ್ಳಾರಿ ಸೀಮೆಯ ಗಣಿಯ ಅಬ್ಬರ ಏರುತ್ತಿತ್ತು. ಮನೆಗೊಬ್ಬರಾದರೂ ಅದಿರಿನ ಕೆಲಸಕ್ಕೆ ಹೋಗುತ್ತಿದ್ದರು. ನನ್ನ ಗಂಡ ಅದಿರು ಲಾರಿಯ ಡ್ರೈವರು. ಬಂದರಿಗೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಭಾವ ಮಾತ್ರ ಹಂದಿ ಬಿಟ್ಟಿರಲಿಲ್ಲ. ಅವರ ತಂದೆಯ ಕಾಲದಲ್ಲಿ ಕರಿಹಂದಿಗಳು ಊರ ತುಂಬ ಅಡ್ಡಾಡಿಕೊಂಡು ಬದುಕುತ್ತಿದ್ದವಂತೆ. ಊರವರು ಜಗಳ ತೆಗೆದ ಮೇಲೆ ಭಾವ ಸಿರುಗುಪ್ಪದ ರಸ್ತೆಯಲ್ಲಿ, ಊರು ದಾಟಿ, ತಗಡಿನ ಶೆಡ್ಡು ಹಾಕಿ ಬಿಳಿಯ ಸೀಮೆಹಂದಿ ತಂದಿದ್ದರು. ಸಿರುಗುಪ್ಪದ ರೈಸ್ ಮಿಲ್ಲುಗಳಿಂದ ತೌಡು, ನುಚ್ಚು ಬರುತ್ತಿತ್ತು. ತರುವುದು, ಮಾರುವುದು ಭಾವನ ಕೆಲಸ, ಸಾಕುವುದು ಅಕ್ಕನದು.

ಅವಳಿಗೊಂದು ಅಭ್ಯಾಸವಿತ್ತು. ಮಾತಾಡುತ್ತಾ ಮಾತಾಡುತ್ತಾ ನಡುವೆಯೇ ನಿಲ್ಲಿಸಿ, ತಲೆ ವಾಲಿಸಿ, ಏನನ್ನೋ ಆಲಿಸುವುದು. ರೊಟ್ಟಿ ತಟ್ಟುವಾಗಲೂ ಕೈ ಹಾಗೇ ಹಿಟ್ಟಿನ ಮೇಲೆ ನಿಂತುಬಿಡುತ್ತಿತ್ತು. "ಏನಕ್ಕ?" ಎಂದರೆ, "ಏನಿಲ್ಲ. ಯಾವುದೋ ಅತ್ತಂಗಾತು," ಎಂದು ಮತ್ತೆ ತಟ್ಟುತ್ತಿದ್ದಳು. ಮೊದಮೊದಲು ನಾನೂ ಕಿವಿಗೊಟ್ಟು ಕೇಳುತ್ತಿದ್ದೆ. ರಸ್ತೆಯ ಲಾರಿಗಳ ಸದ್ದು ಬಿಟ್ಟರೆ ನನಗೆ ಏನೂ ಕೇಳಿಸುತ್ತಿರಲಿಲ್ಲ.

ಮರಿಗಳ ಹಾಲು ಬಿಡಿಸುವ ವಿಷಯದಲ್ಲಿ ಅವಳದು ಬಲು ಹಟ. ಬೇರೆ ಕಡೆಯವರು ಮರಿಗಳನ್ನು ತಾಯಿಯಿಂದ ಎತ್ತಿ ಇನ್ನೊಂದು ಗೂಡಿಗೆ ಹಾಕಿಬಿಡುತ್ತಾರೆ. ಇವಳು ತಾಯಿಯನ್ನು ಹೊರಗೆ ಹೊಡೆದುಕೊಂಡು ಹೋಗಿ ಮರಿಗಳನ್ನು ಹುಟ್ಟಿದ ಜಾಗದಲ್ಲೇ ಬಿಡುತ್ತಿದ್ದಳು. "ತಾಯಿ ಹೋದ್ಲು, ಜಾಗ ಆದ್ರೂ ಇರ್ಲಿ," ಎನ್ನುವುದು ಅವಳ ನ್ಯಾಯ. ಅದಕ್ಕೆ ಎಷ್ಟೋ ದಿನ ಮುಂಚಿನಿಂದಲೇ, ತಾಯಿ ಇರುವಾಗಲೇ, ಬೆರಳಿನಿಂದ ಗಂಜಿಯ ರುಚಿ ಹಚ್ಚಿರುತ್ತಿದ್ದಳು. ಆದರೂ ಹಾಲು ಬಿಟ್ಟ ಮೊದಲ ಸಂಜೆ ಮರಿಗಳು ಕೂಗುತ್ತವೆ. ಆ ಕೂಗು ಕೇಳದವರಿಗೆ ಅದನ್ನು ಹೇಳಿ ತಿಳಿಸುವುದು ಕಷ್ಟ. ಕಣ್ಣು ಮುಚ್ಚಿಕೊಂಡು ಕೇಳಿದರೆ ಮನುಷ್ಯರ ಕೂಸುಗಳೇ. ಅಕ್ಕ ಆ ಹೊತ್ತಿನಲ್ಲಿ ಹುಲ್ಲಿನ ಮೇಲೆ ಅವುಗಳ ನಡುವೆಯೇ ಹೋಗಿ ಕೂರುತ್ತಿದ್ದಳು. ಮರಿಗಳು ಸೀರೆಯ ನೆರಿಗೆಯೊಳಗೆ ಮೂತಿ ತೂರಿಸಿ ಒಂದರ ಮೇಲೊಂದು ಬಿದ್ದು ಮಲಗಿದ ಮೇಲೆಯೇ ಎದ್ದು ಬರುತ್ತಿದ್ದಳು.

ಕೂಗಿಗಿಂತ ಕೆಟ್ಟದ್ದು ಆಮೇಲಿನದು. ಹಾಲು ಬಿಟ್ಟ ನಾಲ್ಕಾರು ದಿನಕ್ಕೆ ಭೇದಿ ಹತ್ತುತ್ತದೆ. ಬೆಳಿಗ್ಗೆ ಕುಣಿದಾಡಿದ ಮರಿ ಸಂಜೆಗೆ ಬೆನ್ನುಮೂಳೆ ಎದ್ದು, ಕಣ್ಣು ಗುಳಿಬಿದ್ದು, ತಣ್ಣಗಾಗಿರುತ್ತದೆ. ಒಮ್ಮೆ ಹಾಗೇ ಒಂದು ಸೂಲಿನ ಮರಿಗಳು ಸಾಲಾಗಿ ಹೋದಾಗ ಭಾವ ಸಿರುಗುಪ್ಪದಿಂದ ದನದ ಡಾಕ್ಟರನ್ನು ಕರೆದುಕೊಂಡು ಬಂದರು. ಅವರು ಮುಸಲ್ಮಾನರು. ಹಂದಿಯ ಶೆಡ್ಡಿಗೆ ಬರುತ್ತಾರೋ ಇಲ್ಲವೋ ಎಂದು ನಮಗೆ ಅನುಮಾನವಿತ್ತು. ಅವರು ಪ್ಯಾಂಟು ಮಡಚಿ ನೇರ ಗೂಡಿನೊಳಕ್ಕೇ ಇಳಿದರು. ಕೈ ತೊಳೆಯಲು ನೀರು ಹಾಕುತ್ತಾ ಅಕ್ಕ ಸಂಕೋಚಪಟ್ಟು ಏನೋ ಹೇಳಹೋದಾಗ, "ನಂದು ನೌಕರಿ, ಅವುಕ್ಕ ಹೊಟ್ಟಿನೋವು. ನಡುವ ಮತ್ತೇನು ಮಾತೈತಮ್ಮ?" ಎಂದು ಮೊಣಕೈವರೆಗೂ ಸೋಪು ಹಚ್ಚಿಕೊಂಡರು.

ಮುಂದಿನ ಸಲ ಬಂದಾಗ ಅವರು ಒಂದು ಪುಡಿಯ ಪೊಟ್ಟಣ ತಂದಿದ್ದರು. ಪ್ರೊಬಯಾಟಿಕ್ ಎಂದು ಅದರ ಹೆಸರು.

"ಮರಿ ಹೊಟ್ಟ್ಯಾಗ ಒಳ್ಳೆ ಹುಳ, ಕೆಟ್ಟ ಹುಳ ಎರಡೂ ಇರ್ತಾವ, ಕಣ್ಣಿಗೆ ಕಾಣದಂಥವು," ಎಂದರು. "ತಾಯಿ ಹಾಲು ಇರೋತನಕ ಒಳ್ಳೇವುಕ್ಕ ಬಲ. ಹಾಲು ನಿಂತ ಕೂಡ್ಲೆ ಹೊಟ್ಟಿ ಖಾಲಿ ಮನಿ ಆದಂಗ. ಯಾರು ಮೊದಲು ಹೊಕ್ಕರೋ ಅವರದ ರಾಜ್ಯ. ಈ ಪುಡ್ಯಾಗ ಒಳ್ಳೇವು ಅದಾವ, ಜೀವಂತ."

"ಜೀವಂತ ಅಂದ್ರ... ಮೊಸರಿನ ಹೆಪ್ಪು ಇದ್ದಂಗೇನ್ರಿ?"

"ಹೆಪ್ಪು ಅಂತಾನ ತಿಳ್ಕೊಳ್ರಿ. ಸುಡೋ ಗಂಜಿಗೆ ಹಾಕಿದ್ರ ಸಾಯ್ತಾವ, ಉಗುರುಬೆಚ್ಚಗ ಇರಬೇಕು. ಭೇದಿ ನಿಲ್ಲಾಕ ಔಷಧಿ ಕೊಡೋವಾಗ ಇದು ಬ್ಯಾಡ. ಔಷಧಿ ಮುಗದ ಮ್ಯಾಲ ಕೊಡ್ರಿ. ಮತ್ತ ಇದೊಂದ ಸಾಲದು. ಬೆಚ್ಚನ ಜಾಗ, ಒಣ ಹುಲ್ಲು, ಸ್ವಲ್ಪ ಸ್ವಲ್ಪ ಊಟ."

ಅಕ್ಕ ಪೊಟ್ಟಣವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. "ಇಂಥದು ಕೂಸಿಗೂ ಇರ್ತೈತೇನ್ರಿ? ಮನುಷ್ಯರ ಕೂಸಿಗೆ?"

"ಇರ್ತೈತಲ್ಲಮ್ಮ. ಡಾಕ್ಟ್ರು ಬರಕೊಟ್ರ ಔಷಧ ಅಂಗಡ್ಯಾಗ ಸಿಗ್ತೈತಿ."

"ಮೊದಲೂ ಸಿಗ್ತಿತ್ತೇನ್ರಿ?"

"ಸಿಗ್ತಿತ್ತು."

ಪೊಟ್ಟಣವನ್ನು ಸೆರಗಿನಲ್ಲಿ ಸುತ್ತಿಕೊಂಡು ಶೆಡ್ಡಿನ ಹಿಂದಕ್ಕೆ ಹೋದವಳು ಬಹಳ ಹೊತ್ತು ಬರಲಿಲ್ಲ. ಡಾಕ್ಟರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರಿಗೂ ಏನೂ ತಿಳಿಯಲಿಲ್ಲ.

ನನಗೆ ತಿಳಿದದ್ದು ಮಗಳು ಹುಟ್ಟಿದ ಮೇಲೆ. ತವರಿನಿಂದ ಬಾಣಂತನ ಮುಗಿಸಿ ಕೂಸನ್ನು ಎತ್ತಿಕೊಂಡು ಬಂದ ದಿನದಿಂದ ಅಕ್ಕ ತೊಟ್ಟಿಲ ಹತ್ತಿರ ಬರುತ್ತಿದ್ದಳೇ ಹೊರತು ಕೂಸನ್ನು ಮುಟ್ಟುತ್ತಿರಲಿಲ್ಲ. ನಿಂತು ಉಸಿರು ಬಿಗಿಹಿಡಿದು ನೋಡುವಳು. ಕೂಸು ಅತ್ತರೆ ನನಗಿಂತ ಮೊದಲು ಓಡಿ ಬಂದು, ತೊಟ್ಟಿಲ ಹಗ್ಗ ಹಿಡಿದು, "ಹಾಲು ಕೊಡು, ಲಗೂನ ಕೊಡು," ಎಂದು ಚಡಪಡಿಸುವಳು. ಅವಳ ಆ ಕಣ್ಣು ನೋಡಿ ನನಗೆ ಭಯವಾಗುತ್ತಿತ್ತು ಎಂದು ಹೇಳಲೇಬೇಕು.

ಒಂದು ಮಧ್ಯಾಹ್ನ ಅಕ್ಕ ಶೆಡ್ಡಿಗೆ ಹೋದಾಗ ಅತ್ತೆ ನನ್ನ ಪಕ್ಕ ಬಂದು ಕುಳಿತು ಹೇಳಿದರು: "ಕೂಸನ್ನ ಆಕಿ ಕೈಯಾಗ ಕೊಡಬ್ಯಾಡವ್ವ. ಕೂಸು ಕಳಕೊಂಡಾಕಿ. ದೃಷ್ಟಿ ಛಲೋ ಅಲ್ಲ."

ಅಕ್ಕನಿಗೆ ಕೂಸಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ಕೇಳಿದೆ. ಅತ್ತೆ ಹೇಳಬಾರದೆಂದುಕೊಂಡೇ ಎಲ್ಲವನ್ನೂ ಹೇಳಿದರು.

ನನ್ನ ಮದುವೆಗೆ ಮೊದಲು, ಗಣಿಯ ಕಡೆಗೆ ಹೆಣ್ಣಾಳುಗಳನ್ನು ಒಯ್ಯುವ ಟೆಂಪೋ ದಿನಾ ಬೆಳಿಗ್ಗೆ ಓಣಿಯ ಬಾಯಿಗೆ ಬರುತ್ತಿತ್ತಂತೆ. ಅದಿರು ಜರಡಿ ಹಿಡಿಯುವ ಕೆಲಸ, ಹೊಲದ ಕೂಲಿಗಿಂತ ಎಷ್ಟೋ ಹೆಚ್ಚು. ಶೆಡ್ಡು ಕಟ್ಟುವ ಆಸೆ ಭಾವನಿಗೆ. ಅಕ್ಕನ ಗಂಡುಕೂಸು ಇನ್ನೂ ಬರೀ ಎದೆಹಾಲಿನ ಮೇಲಿತ್ತು. "ಎರಡು ದಿನ ಅಳತೈತಿ, ಆಮ್ಯಾಲ ತಾನ ಸುಮ್ಮನಾಗ್ತೈತಿ, ಹೋಗು," ಎಂದರಂತೆ ಭಾವ. ಕೂಸು ಅತ್ತೆಯ ಕೈಗೆ ಬಂತು. ಆಕಳ ಹಾಲು ಕುಡಿಸಿದರು, ಗಂಜಿನೀರು ಕುಡಿಸಿದರು. ಬೇಸಿಗೆ. ಭೇದಿ ಹತ್ತಿತು. ಹಲ್ಲು ಬರುವುದಕ್ಕೆ ಹಾಗಾಗುತ್ತಿದೆ ಎಂದುಕೊಂಡರು. ಒಂದು ಮಧ್ಯಾಹ್ನ ಕೂಸು ಅತ್ತೆಯ ತೊಡೆಯ ಮೇಲೆಯೇ ಹೋಯಿತು.

"ಆಕಿಗೆ ಹೇಳಿ ಕಳಸಾಕ ದಾರಿ ಇರಲಿಲ್ಲ," ಎಂದರು ಅತ್ತೆ. "ಸಂಜಿ ಟೆಂಪೋಕ್ಕ ಬಂದ್ಲು. ಮೈಯೆಲ್ಲಾ ಕೆಂಪು, ಕಣ್ಣಷ್ಟ ಬೆಳ್ಳಗ. ಕುಪ್ಪಸ ಹಾಲಿಗೆ ತೊಯ್ದು, ಅದಿರಿನ ದೂಳು ಹತ್ತಿ ರಾಡಿ ಆಗಿತ್ತು. 'ಕೂಸನ್ನ ಕೊಡ್ರಿ ಅತ್ತಿ, ಎದಿ ಬಿಗದು ಸಾಯಾಕತ್ತೀನಿ' ಅಂತ ನಕ್ಕೋಂತ ಒಳಗ ಬಂದ್ಲು."

ಅತ್ತೆ ತಮ್ಮ ತೊಡೆಯನ್ನೇ ನೋಡಿದರು. ಆಮೇಲೆ, "ಆಕಿ ದೃಷ್ಟಿ ಅಂತೀನಿ ನಾನು. ಹೋಗಿದ್ದು ನನ್ನ ಕೈಯಾಗ," ಎಂದು ಎದ್ದು ಹೋದರು.

ಅಂದು ಸಂಜೆ ಅಕ್ಕ ಶೆಡ್ಡಿನಿಂದ ಬಂದು, ಮೈ ತೊಳೆದುಕೊಂಡು, ಕಟ್ಟೆಯ ಮೇಲೆ ಕುಳಿತಿದ್ದಳು. ನಾನು ಮಗಳನ್ನು ಎತ್ತಿಕೊಂಡು ಹೋಗಿ ಅವಳ ತೊಡೆಯ ಮೇಲೆ ಹಾಕಿದೆ. ಬಹಳ ಹೊತ್ತು ಕೈ ಎರಡನ್ನೂ ಗಾಳಿಯಲ್ಲೇ ಹಿಡಿದುಕೊಂಡಿದ್ದಳು. ಕೊನೆಗೆ ಬಲಗೈಯನ್ನು ಕೂಸಿನ ಹೊಟ್ಟೆಯ ಮೇಲಿಟ್ಟು, ಮರಿಗಳನ್ನು ನೋಡುವ ಹಾಗೆಯೇ ನೋಡಿ, "ಹೊಟ್ಟಿ ಮೆತ್ತಗೈತಿ," ಎಂದಳು. "ಛಲೋ ಐತಿ ತಂಗಿ."

ಮಗಳಿಗೆ ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಬಳ್ಳಾರಿ ಊರಾಚೆಯ ವೇಬ್ರಿಡ್ಜಿನಲ್ಲಿ ನನಗೊಂದು ಕೆಲಸ ಬಂತು. ಲಾರಿಗಳ ತೂಕ ಬರೆಯುವುದು. ನಾನು ಪಿಯುಸಿ ಓದಿದ್ದೆ. ನನ್ನ ಗಂಡನ ಮಾಲೀಕರಿಗೆ ಪರಿಚಯದವರ ಜಾಗ. ಮನೆಯಲ್ಲಿ ಎಲ್ಲರೂ ಹೋಗು ಎಂದರು. ಕೂಸಿಗೆ ಡಬ್ಬಿಯ ಹಾಲು ತಂದರಾಯಿತು ಎಂದರು ನನ್ನ ಗಂಡ. ಅಕ್ಕ ಒಲೆಯ ಮುಂದಿನಿಂದ ತಿರುಗದೆಯೇ ಹೇಳಿದಳು: "ಹೋಗ್ಲಿ. ಮಧ್ಯಾಹ್ನ ಕೂಸನ್ನ ನಾನು ತಗೊಂಡು ಹೋಗ್ತೀನಿ."

ನಿಜವಾಗಿಯೂ ಹಾಗೇ ಮಾಡಿದಳು. ಬೆಳಗಿನ ಹೊತ್ತು ಕೂಸಿಗೆ ನಾನು ಹಿಂಡಿಟ್ಟ ಹಾಲನ್ನು ಚಮಚದಲ್ಲಿ ಕುಡಿಸುವಳು. ಶೆಡ್ಡಿನ ಕೆಲಸ ಮುಗಿಸಿ, ಕೂಸನ್ನು ಹಳೆ ಸೀರೆಯಲ್ಲಿ ಮುಖ ಮುಚ್ಚಿ ಸುತ್ತಿಕೊಂಡು, ಬಸ್ಸು ಹತ್ತಿ ವೇಬ್ರಿಡ್ಜಿಗೆ ಬರುವಳು. ಲಾರಿಗಳ ಸಾಲು, ಆ ಕೆಂಪು ದೂಳು, ಡ್ರೈವರುಗಳ ಕೂಗಾಟ. ಅದರೊಳಗೆ ಇವಳು ಒಂದು ಬೇವಿನ ಮರದ ಬುಡದಲ್ಲಿ, ತನ್ನ ಸೆರಗನ್ನು ಕೂಸಿನ ಮೇಲೆ ಡೇರೆಯಂತೆ ಹಿಡಿದು ಕುಳಿತಿರುತ್ತಿದ್ದಳು. ದೂಳೆಲ್ಲ ಅವಳಿಗೆ. ನಾನು ಹಾಲು ಕೊಟ್ಟು ಮುಗಿಸುವವರೆಗೂ ಬೇರೆ ಕಡೆ ಮುಖ ತಿರುಗಿಸಿರುತ್ತಿದ್ದಳು. ಸಂಜೆ ಮೂವರೂ ಒಂದೇ ಬಸ್ಸಿಗೆ ವಾಪಸು. ಹಾಗೆ ಮಗಳು ಅನ್ನ ಉಣ್ಣುವವರೆಗೂ ನಡೆಯಿತು. ಎಷ್ಟೋ ಸಲ ಬೇಡವೆಂದೆ. "ನನಗ ಅಲ್ಲಿಗೆ ಬಂದ್ರನ ನಿದ್ದಿ ಬರ್ತೈತಿ ರಾತ್ರಿ," ಎಂದಳು.

ಅಂಥದೇ ಒಂದು ಸಂಜೆ ಬಸ್ಸು ಇಳಿದಾಗ ಅವಳು ನಿಂತಲ್ಲೇ ನಿಂತಳು. ತಲೆ ವಾಲಿಸಿದಳು. ಈ ಸಲ ನನಗೂ ಕೇಳಿಸಿತು. ಶೆಡ್ಡಿನ ಕಡೆಯಿಂದ ಮರಿಗಳ ಕೂಗು. ಒಂದು ಸೂಲಿನದಲ್ಲ, ಎರಡು ಸೂಲಿನವೂ ಒಟ್ಟಿಗೆ. ಕೂಸನ್ನು ನನ್ನ ಕೈಗೆ ಹಾಕಿ ಸೀರೆ ಎತ್ತಿ ಕಟ್ಟಿಕೊಂಡು ಓಡಿದಳು.

ಗಣಿಯ ಕ್ಯಾಂಪುಗಳಿಗೆ ಮಾಂಸ ಕೊಡುವ ಗುತ್ತಿಗೆದಾರ ಆ ಮಧ್ಯಾಹ್ನ ಬಂದಿದ್ದನಂತೆ. ದೂರದ ರಾಜ್ಯಗಳಿಂದ ಬಂದ ಕೂಲಿಗಳು ಕ್ಯಾಂಪಿನಲ್ಲಿ ತುಂಬಿಹೋಗಿದ್ದರು. ಮಾಂಸಕ್ಕೆ ಬಹಳ ಬೇಡಿಕೆ, ದೊಡ್ಡ ಹಂದಿಗಳೇ ಬೇಕು ಎಂದಿದ್ದ. ಭಾವ ಎರಡು ತಾಯಿಹಂದಿಗಳನ್ನು ಗಾಡಿಗೆ ಏರಿಸಿ ಕಳಿಸಿಬಿಟ್ಟಿದ್ದರು. ಮರಿಗಳು ಇನ್ನೂ ಬೆರಳು ಚೀಪುವುದನ್ನೂ ಕಲಿತಿರಲಿಲ್ಲ.

ಅಕ್ಕ ಗೂಡಿನ ಗೋಡೆ ಹಿಡಿದು ನಿಂತಿದ್ದಳು. ಭಾವ ಅವಳ ಮುಖ ನೋಡದೆ ಅಂದರು: "ಬಾಯಿ ಮಾಡಬ್ಯಾಡ. ಎರಡು ದಿನ ಅಳತಾವ, ಆಮ್ಯಾಲ ತಾವ ಸುಮ್ಮನಾಗ್ತಾವ."

ಆ ಮಾತು ಬಾಯಿಂದ ಬಿದ್ದ ಮೇಲೆ ಅವರಿಗೇ ಕೇಳಿಸಿತೆಂದು ಕಾಣುತ್ತದೆ. ಮುಖ ಬಿಳಿಚಿಕೊಂಡಿತು. ಅಕ್ಕ ಕೂಗಾಡಲಿಲ್ಲ. ಬಹಳ ಮೆತ್ತಗೆ ಕೇಳಿದಳು: "ಸುಮ್ಮನಾತಲ್ರಿ ಅದು. ಮತ್ತ ಎಷ್ಟು ಸುಮ್ಮನಾಗಬೇಕಾಗಿತ್ತು ನಿಮಗ?"

ಮದುವೆಯಾಗಿ ಬಂದಾಗಿನಿಂದ ಆ ಕೂಸಿನ ಮಾತು ಅವರಿಬ್ಬರ ನಡುವೆ ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮರುದಿನದಿಂದ ಅಕ್ಕ ಶೆಡ್ಡಿನಲ್ಲೇ ಇದ್ದಳು, ನಾನೂ ಕೆಲಸಕ್ಕೆ ರಜೆ ಹಾಕಿ ಕೂಸಿನ ಜೊತೆ ಮನೆಯಲ್ಲಿ ಉಳಿದೆ. ಆದರೂ ಭೇದಿ ಬಂದೇ ಬಂತು. ಮೊದಲ ಮರಿ ಮಲಗಿದ ಬೆಳಿಗ್ಗೆ, ಅಕ್ಕ ಒಣಹುಲ್ಲು ತರಲು ಹೋಗಿದ್ದಾಗ, ಭಾವ ಗಾಬರಿಯಲ್ಲಿ ತಾವೇ ಗಂಜಿ ಕುದಿಸಿ, ಡಾಕ್ಟರು ಕೊಟ್ಟಿದ್ದ ಪುಡಿಯನ್ನೆಲ್ಲ ಅದಕ್ಕೆ ಸುರಿದುಬಿಟ್ಟಿದ್ದರು. ಹೊಗೆಯಾಡುವ ಪಾತ್ರೆ ಹಿಡಿದು ಗೂಡಿನ ಮುಂದೆ ನಿಂತಿದ್ದರು. ಅಕ್ಕ ಬಂದವಳೇ ಪಾತ್ರೆಯ ಹೊರಮೈ ಮುಟ್ಟಿದಳು, ಕೈ ಹಿಂದೆಗೆದಳು.

"ಸುಟ್ಟಬಿಟ್ರಲ್ರಿ. ಎಲ್ಲಾ ಸತ್ತಾವ ಇದರಾಗ."

"ಎರಡ್ರಷ್ಟು ಹಾಕೀನಲೇ... ಲಗೂನ ವಾಸಿ ಆಗ್ಲಿ ಅಂತ," ಎಂದರು ಭಾವ, ಮಕ್ಕಳ ಹಾಗೆ. ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಡಾಕ್ಟರು ಬಂದರು. ಸೂಜಿ ಹಾಕಿದರು, ಉಪ್ಪುಸಕ್ಕರೆಯ ನೀರು ಕುಡಿಸುವುದನ್ನು ತೋರಿಸಿದರು. ದೊಡ್ಡ ಬಲ್ಬು ತೂಗುಹಾಕಿ ಗೂಡು ಬೆಚ್ಚಗೆ ಮಾಡಿದೆವು. ಅಕ್ಕ, ಭಾವ, ಅತ್ತೆ, ನಾನು, ಒಬ್ಬೊಬ್ಬರೂ ಒಂದೊಂದು ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಹನಿ ಹನಿಯಾಗಿ ನೀರು ಬಿಡುತ್ತಿದ್ದೆವು. ಅತ್ತೆಯ ತೊಡೆಯ ಮೇಲಿನ ಮರಿ ಸತ್ತಾಗ ಅವರು ಅದನ್ನು ಕೆಳಗಿಳಿಸದೆ ಹಾಗೇ ಕುಳಿತಿದ್ದರು. ಅಕ್ಕನೇ ಹೋಗಿ ಅದನ್ನು ಎತ್ತಿಕೊಂಡಳು. "ನಿಮ್ಮ ಕೈಲೇ ಹೋಗ್ಲಿಲ್ಲ ಅತ್ತಿ," ಎಂದಳು. "ಅದರ ಹೊಟ್ಟಿ ಅದನ್ನ ಬಿಟ್ಟುಕೊಡ್ತು. ನಿಮ್ಮ ಕೈಲೇ ಯಾವುದೂ ಹೋಗಿಲ್ಲ." ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತರು.

ಅರ್ಧದಷ್ಟು ಮರಿಗಳು ಹೋದವು. ಭಾವ ಗುಣಿ ತೋಡಿ, ಸುಣ್ಣ ಹಾಕಿ ಮುಚ್ಚಿದರು. ಉಳಿದವುಗಳಿಗೆ ಔಷಧಿ ಮುಗಿದ ಮೇಲೆ ಅಕ್ಕ ಡಾಕ್ಟರಿಂದ ಹೊಸ ಪುಡಿ ತರಿಸಿ, ಉಗುರುಬೆಚ್ಚಗಿನ ಗಂಜಿಯಲ್ಲಿ ಕಲಸಿ, ಬೆರಳಿನಿಂದ ಒಂದೊಂದಕ್ಕೂ ಕೊಟ್ಟಳು. ಅವು ಬದುಕಿದವು. ಮೈ ತುಂಬಿಕೊಂಡು ಬೆಳೆದವು ಕೂಡ. ಆದರೆ ಅಲ್ಲಿಂದ ಮುಂದೆ ಭಾವ ಪ್ರತಿ ಸೂಲಿಗೂ ಅವಳನ್ನು ಕೇಳುತ್ತಿದ್ದರು: "ಇನ್ನೊಂದು ವಾರ ತಾಯಿ ಸಂಗಡ ಇರ್ಲೇನು?" ಪಾತ್ರೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಭಾವ ಆ ಗುಣಿಯ ಕಡೆ ನೋಡುತ್ತಾ ನಿಂತಿರುತ್ತಿದ್ದರು. ಅವರು ಅದರ ಮೇಲೆ ಏನನ್ನೂ ಬೆಳೆಯಗೊಡಲಿಲ್ಲ, ಯಾರನ್ನೂ ತುಳಿಯಗೊಡಲಿಲ್ಲ.

ಕೆಲವು ವರ್ಷಕ್ಕೆ ಕೋರ್ಟಿನ ಆದೇಶ ಬಂದು ಗಣಿಗಳು ನಿಂತವು. ಲಾರಿಗಳು ರಸ್ತೆಯ ಪಕ್ಕದಲ್ಲೇ ತುಕ್ಕು ಹಿಡಿದವು. ಕ್ಯಾಂಪುಗಳು ಖಾಲಿಯಾದವು, ವೇಬ್ರಿಡ್ಜಿಗೆ ಬೀಗ ಬಿತ್ತು. ನನ್ನ ಗಂಡ ಸಿರುಗುಪ್ಪದ ಮಿಲ್ಲಿನ ಲಾರಿಗೆ ಸೇರಿದರು. ಆ ಹೊತ್ತಿಗೆ ಅಕ್ಕನಿಗೆ ಕೆಮ್ಮು ಹತ್ತಿತ್ತು. ಜರಡಿಯ ದೂಳೋ, ವೇಬ್ರಿಡ್ಜಿನ ದೂಳೋ, ಎರಡೂ ಸೇರಿಯೋ, ಡಾಕ್ಟರುಗಳು ಸರಿಯಾಗಿ ಹೇಳಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ. ವರ್ಷದಿಂದ ವರ್ಷಕ್ಕೆ ಬತ್ತುತ್ತಾ ಬಂದಳು. ಕೊನೆಗೆ ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದೆವು.

ಒಂದು ಮಧ್ಯಾಹ್ನ ನಾನೊಬ್ಬಳೇ ಪಕ್ಕದಲ್ಲಿದ್ದೆ. ಹೆಂಗಸರ ವಾರ್ಡು. ಊಟದ ಹೊತ್ತು ಮುಗಿದು ಎಲ್ಲರೂ ಮಲಗಿದ್ದರು. ಅಕ್ಕ ಥಟ್ಟನೆ ಕಣ್ಣು ತೆರೆದು, ದಿಂಬಿನ ಮೇಲೆಯೇ ತಲೆ ವಾಲಿಸಿದಳು.

"ತಂಗಿ, ಅಳಾಕತ್ತೈತಿ ನೋಡು."

"ಯಾವುದೂ ಇಲ್ಲಕ್ಕ. ಇಲ್ಲಿ ಕೂಸು ಇಲ್ಲ."

"ಅಳಾಕತ್ತೈತಿ. ಹೋಗು ನೋಡು."

ಎದ್ದು ಹೊರಗೆ ಹೋದೆ. ಉದ್ದನೆಯ ಓಣಿಯಂಥ ಪಡಸಾಲೆ. ಒಬ್ಬ ಆಯಾ ನೆಲ ಒರೆಸುತ್ತಿದ್ದಳು. ಆ ತುದಿಯವರೆಗೂ ನಡೆದು ಹೋಗಿ, ಮೆಟ್ಟಿಲು ಇಣುಕಿ, ತಿರುಗಿ ಬಂದೆ. ಸುಮ್ಮನೆ ಬಾಗಿಲಲ್ಲಿ ನಿಂತು ಬರಬಹುದಿತ್ತು. ಆದರೆ ಅವಳು ನೋಡು ಎಂದಿದ್ದಳು.

"ನೋಡಿ ಬಂದೆ ಅಕ್ಕ," ಎಂದೆ. "ಅದರ ತಾಯಿ ಬಂದ್ಲು. ಎತ್ತಿಕೊಂಡ್ಲು."

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. "ಹಾಲು ಕುಡೀತೇನು?"

"ಕುಡೀತಕ್ಕ. ಹೊಟ್ಟಿ ತುಂಬ ಕುಡೀತು."

ಉಸಿರು ಬಿಟ್ಟಳು. ಗೋಡೆಯ ಕಡೆ ತಿರುಗಿ ಮಲಗಿದಳು. ಮರುದಿನ ಬೆಳಗಾಗುವಷ್ಟರಲ್ಲಿ ಅವಳು ಇರಲಿಲ್ಲ.

ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಭಾವ ಶೆಡ್ಡು ಮುಚ್ಚಿದರು. ನಾನು ಸಿರುಗುಪ್ಪ, ಬಳ್ಳಾರಿ ಎಂದು ಬಸ್ಸಿನಲ್ಲಿ ಓಡಾಡುತ್ತಲೇ ಇರುತ್ತೇನೆ. ಹಿಂದಿನ ಸೀಟಿನಲ್ಲಿ ಎಲ್ಲೋ ಒಂದು ಕೂಸು ಅತ್ತರೆ ಕುಳಿತುಕೊಳ್ಳಲು ಆಗುವುದಿಲ್ಲ. ಎದ್ದು, ಕಂಬಿ ಹಿಡಿದು, ಹಿಂದಕ್ಕೆ ತಿರುಗಿ ನಿಲ್ಲುತ್ತೇನೆ. ತಾಯಿ ಯಾರೆಂದು ಹುಡುಕುತ್ತೇನೆ. ಅವಳು ಸೆರಗು ಸರಿಮಾಡಿಕೊಂಡು ಕೂಸನ್ನು ಎದೆಗೆ ಹಚ್ಚಿ ಅಳು ನಿಲ್ಲಿಸುವವರೆಗೂ ನಿಂತೇ ಇರುತ್ತೇನೆ. "ಇಳಿಯೋರೇನ್ರಿ?" ಎಂದು ಕಂಡಕ್ಟರು ಕೇಳುತ್ತಾನೆ. ಅಲ್ಲ ಎಂದು ಕೂರುತ್ತೇನೆ.